ರಾರ್ ಗಂಟುಗಳನ್ನು ಜಿಪ್‌ಗೆ ಬದಲಿಸಿದ ಐದು ವಾರಗಳ ದಾಖಲೆ

ಸಾಗರದಲ್ಲಿ ನನ್ನ ಚಿಕ್ಕಪ್ಪ ನಡೆಸುತ್ತಿದ್ದ ಡಿಟಿಪಿ ಅಂಗಡಿ ಮುಚ್ಚಿ ಕೆಲವು ವರ್ಷಗಳಾದವು. ಅಂಗಡಿಯ ಕೆಲಸವೆಲ್ಲ, ಅಂದರೆ ಮದುವೆ ಕರೆಯೋಲೆಗಳು, ಸಹಕಾರ ಸಂಘಗಳ ವಾರ್ಷಿಕ ವರದಿಗಳು, ಯಕ್ಷಗಾನದ ಕರಪತ್ರಗಳು, ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳು, ಒಂದು ಹಾರ್ಡ್ ಡಿಸ್ಕ್ ಮತ್ತು 31 ಸಿಡಿಗಳಲ್ಲಿ ಉಳಿದುಕೊಂಡಿವೆ. ಜಾಗ ಉಳಿಸಲೆಂದು ಅವರು ಎಲ್ಲವನ್ನೂ ವಿನ್‌ರಾರ್ ಎಂಬ ತಂತ್ರಾಂಶ ಬಳಸಿ, ಹೆಚ್ಚಾಗಿ ಅದರ ರಾರ್ ಎಂಬ ರೂಪದಲ್ಲಿ ಸಂಕುಚಿತಗೊಳಿಸಿ ಇಟ್ಟಿದ್ದರು. ಅಂತಹ ಸಂಕುಚಿತ ಕಡತವನ್ನು ಮುಂದೆ ‘ಗಂಟು’ ಎಂದೇ ಕರೆಯುತ್ತೇನೆ. ಹಳೆಯ ಗಿರಾಕಿಗಳು ಈಗಲೂ ಆಗಾಗ ಬಂದು ತಮ್ಮ ಕಡತ ಕೇಳುತ್ತಾರೆ, ಕೊಟ್ಟರೆ ತೆರೆಯಲಾಗದೆ ಹಿಂದಿರುಗಿ ಬರುತ್ತಾರೆ. ಹೀಗಾಗಿ ಎಲ್ಲವನ್ನೂ ಬೇರೆ ತಂತ್ರಾಂಶವಿಲ್ಲದೆ ತೆರೆದುಕೊಳ್ಳುವ ಜಿಪ್ ಎಂಬ ರೂಪಕ್ಕೆ ಬದಲಿಸುವುದೆಂದು ತೀರ್ಮಾನವಾಯಿತು. ಎರಡು ಭಾನುವಾರಗಳ ಕೆಲಸ ಎಂದು ಒಪ್ಪಿಕೊಂಡದ್ದು ಐದು ವಾರ ತೆಗೆದುಕೊಂಡಿತು.

ಸಲಕರಣೆಗಳು: ಮನೆಯಲ್ಲಿದ್ದ ರಾಸ್ಪ್‌ಬೆರಿ ಪೈ 4 (ಲಿನಕ್ಸ್ ನಡೆಸುವ ಪುಟ್ಟ ಕಂಪ್ಯೂಟರ್), ವಿಂಡೋಸ್ ಇರುವ ಹಳೆಯ ಲ್ಯಾಪ್‌ಟಾಪ್, 1,350 ರೂಪಾಯಿಯ ಯುಎಸ್‌ಬಿ ಡಿವಿಡಿ ಡ್ರೈವ್, 4,600 ರೂಪಾಯಿಯ 1 ಟಿಬಿ ಹಾರ್ಡ್ ಡಿಸ್ಕ್. ತಂತ್ರಾಂಶಗಳಾಗಿ ಬಿಚ್ಚಲು ಅನ್‌ರಾರ್, ಕಟ್ಟಲು ಸೆವೆನ್-ಜಿಪ್. ಇವೆರಡಕ್ಕೂ ಹಣ ಕೊಡಬೇಕಾಗಿಲ್ಲ.

ಜೂನ್ 8. ಎಣಿಕೆ

ಎಲ್ಲ ಸಿಡಿಗಳನ್ನೂ ಹೊಸ ಡಿಸ್ಕಿಗೆ ನಕಲು ಮಾಡಿ ಎಣಿಸಿದಾಗ ಹೆಸರಿನ ಕೊನೆಗೆ ರಾರ್ ಎಂಬ ಬಾಲವುಳ್ಳ 437 ಕಡತಗಳು ಮತ್ತು 61 ಜಿಪ್ ಕಡತಗಳು ಸಿಕ್ಕವು, ಒಟ್ಟು ಗಾತ್ರ 46.3 ಜಿಬಿ. ಆದರೆ 437 ಎಂಬುದು ಗಂಟುಗಳ ಸಂಖ್ಯೆಯಲ್ಲ. ದೊಡ್ಡ ಗಂಟುಗಳನ್ನು ಚಿಕ್ಕಪ್ಪ ಸಿಡಿಗೆ ಹೊಂದುವಂತೆ ತುಂಡು ಮಾಡಿದ್ದರು, ಮತ್ತು ಹೊಸ ಪದ್ಧತಿಯಲ್ಲಿ ಪ್ರತಿ ತುಂಡಿನ ಹೆಸರೂ ರಾರ್ ಎಂದೇ ಕೊನೆಗೊಳ್ಳುತ್ತದೆ. ಇನ್ನೂ ಹಳೆಯ ಪದ್ಧತಿಯಲ್ಲಿ ಮೊದಲ ತುಂಡು ಮಾತ್ರ ರಾರ್, ಉಳಿದವುಗಳ ಬಾಲ ಆರ್ ಸೊನ್ನೆ ಸೊನ್ನೆ, ಆರ್ ಸೊನ್ನೆ ಒಂದು ಎಂದು ಸಾಗುತ್ತದೆ. ಅಂತಹ ಒಂದು ಸರಣಿಯಲ್ಲಿ 23 ತುಂಡುಗಳಿದ್ದವು. ಕೊನೆಯದೊಂದನ್ನು ಬಿಟ್ಟರೆ ಪ್ರತಿಯೊಂದೂ ಸರಿಯಾಗಿ 14,57,664 ಬೈಟ್. ಅದು 1.44 ಎಂಬಿ ಫ್ಲಾಪಿಯಲ್ಲಿ ಹಿಡಿಸುವ ಅಳತೆ. ಒಂದು ವಾರ್ಷಿಕ ವರದಿಗಾಗಿ 23 ಫ್ಲಾಪಿಗಳನ್ನು ಚೀಲದಲ್ಲಿ ಹಾಕಿಕೊಂಡು ಶಿವಮೊಗ್ಗದ ಮುದ್ರಣಾಲಯಕ್ಕೆ ಬಸ್ಸಿನಲ್ಲಿ ಹೋಗಿದ್ದನ್ನು ಚಿಕ್ಕಪ್ಪ ಆಗ ನೆನಪಿಸಿಕೊಂಡರು.

ತುಂಡುಗಳನ್ನು ಒಟ್ಟುಗೂಡಿಸಿದ ಮೇಲೆ 286 ಗಂಟುಗಳು ಉಳಿದವು. ಅವುಗಳಲ್ಲಿ 9 ರಾರ್ ಆಗಿರಲೇ ಇಲ್ಲ. ನಿಜವಾದ ರಾರ್ ಕಡತದ ಆರಂಭದಲ್ಲಿ ‘ರಾರ್’ ಎಂಬ ಅಕ್ಷರಗಳೂ ಒಂದು ಉದ್ಗಾರ ಚಿಹ್ನೆಯೂ ಇರುತ್ತವೆ. ಜಿಪ್ ಕಡತದ ಆರಂಭದಲ್ಲಿ ಅದನ್ನು ರೂಪಿಸಿದ ಫಿಲ್ ಕಾಟ್ಸ್ ಅವರ ಹೆಸರಿನ ಮೊದಲಕ್ಷರಗಳಾದ ‘ಪಿ’ ಮತ್ತು ‘ಕೆ’ ಇರುತ್ತವೆ. ಈ ಒಂಬತ್ತರಲ್ಲಿ ಇದ್ದದ್ದು ಪಿ ಮತ್ತು ಕೆ. ಚಿಕ್ಕಪ್ಪನನ್ನು ಕೇಳಿದರೆ, “ಆಗ ಹೆಸರು ಬದಲಿಸಿದರೆ ಆಯ್ತು ಅಂದ್ಕೊಂಡಿದ್ವಿ ಮಾರಾಯ” ಎಂದರು. ಹೀಗಾಗಿ ಅಂತಿಮ ಲೆಕ್ಕ: ರಾರ್ 277, ಜಿಪ್ 70.

ಜೂನ್ 9. ಮೊದಲ ಪ್ರಯತ್ನ ಮತ್ತು ದೊಡ್ಡ ತಪ್ಪು

ಪ್ರತಿ ಗಂಟನ್ನೂ ಒಂದು ತಾತ್ಕಾಲಿಕ ಫೋಲ್ಡರಿನಲ್ಲಿ ಬಿಚ್ಚಿ, ಅದನ್ನೇ ಜಿಪ್ ಆಗಿ ಕಟ್ಟಿ, ಹಳೆಯ ರಾರ್ ಅಳಿಸಿಹಾಕುವ ಹತ್ತು ಸಾಲುಗಳ ಸ್ಕ್ರಿಪ್ಟ್ (ಯಂತ್ರ ತಾನೇ ನಡೆಸುವ ಆದೇಶಗಳ ಪಟ್ಟಿ) ಬರೆದು ರಾತ್ರಿ ಓಡಲು ಬಿಟ್ಟೆ. ಅದರಲ್ಲಿ ಮೂರು ತಪ್ಪುಗಳಿದ್ದವು.

ಮೊದಲನೆಯದು, ಆದೇಶಗಳ ನಡುವೆ ಅರ್ಧವಿರಾಮ ಹಾಕಿದ್ದೆ. ಅರ್ಧವಿರಾಮ ಹಾಕಿದರೆ ಹಿಂದಿನ ಆದೇಶ ಸೋತರೂ ಮುಂದಿನದು ನಡೆಯುತ್ತದೆ, ಅಂದರೆ ಬಿಚ್ಚುವುದು ವಿಫಲವಾದರೂ ಅಳಿಸುವುದು ನಡೆಯುತ್ತದೆ. ಹಿಂದಿನದು ಗೆದ್ದರೆ ಮಾತ್ರ ಮುಂದುವರಿಯಬೇಕಾದರೆ ಎರಡು ಆಂಪರ್‌ಸ್ಯಾಂಡ್ (&&) ಬೇಕಿತ್ತು. ಎರಡನೆಯದು, ತಾತ್ಕಾಲಿಕ ಫೋಲ್ಡರನ್ನು ಕೆಲಸ ಯಶಸ್ವಿಯಾದಾಗ ಮಾತ್ರ ಖಾಲಿ ಮಾಡುತ್ತಿದ್ದೆ. ಒಂದು ಗಂಟು ಅರ್ಧಕ್ಕೆ ನಿಂತಾಗ ಅದರ ಕಡತಗಳು ಅಲ್ಲೇ ಉಳಿದು ಮುಂದಿನ ಜಿಪ್‌ನೊಳಗೆ ಸೇರಿಕೊಂಡವು. ಯಾರದೋ ಮದುವೆ ಕರೆಯೋಲೆ ಸಹಕಾರ ಸಂಘದ ಲೆಕ್ಕಪತ್ರದ ಜೊತೆ ಕುಳಿತಿತ್ತು. ಮೂರನೆಯದು, ಹೀಗೆ ಉಳಿದ ಕಡತಗಳ ಪೈಕಿ ಒಂದರ ಹೆಸರೂ ಹೊಸ ಗಂಟಿನಲ್ಲಿದ್ದ ಕಡತದ ಹೆಸರೂ ಒಂದೇ ಆದಾಗ, ಹಳೆಯದರ ಮೇಲೆ ಬರೆಯಲೇ ಎಂದು ಅನ್‌ರಾರ್ ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುತ್ತ ಬೆಳಗಿನ ತನಕ ನಿಂತಿತ್ತು. ಒಂದು ರೀತಿಯಲ್ಲಿ ಆ ಪ್ರಶ್ನೆಯೇ ನನ್ನನ್ನು ಉಳಿಸಿತು. ಅದು ನಿಲ್ಲದಿದ್ದರೆ ಇನ್ನಷ್ಟು ಅಳಿದುಹೋಗುತ್ತಿತ್ತು. ಅಷ್ಟರಲ್ಲೇ 12 ರಾರ್‌ಗಳು ಹೋಗಿದ್ದವು, ಅವುಗಳಲ್ಲಿ 3 ಸರಿಯಾಗಿ ಬಿಚ್ಚಿಯೇ ಇರಲಿಲ್ಲ. ಮೂಲ ಸಿಡಿಗಳು ಕೈಯಲ್ಲಿದ್ದುದರಿಂದ ಮತ್ತೆ ನಕಲು ಮಾಡಿಕೊಂಡೆ.

ಇದಾದ ಮೇಲೆ ಸ್ಕ್ರಿಪ್ಟಿನಿಂದ ಅಳಿಸುವ ಸಾಲನ್ನು ತೆಗೆದೇ ಹಾಕಿದೆ. ಪ್ರತಿ ಗಂಟಿಗೂ ಹೊಸದೊಂದು ತಾತ್ಕಾಲಿಕ ಫೋಲ್ಡರ್, ಪ್ರಶ್ನೆ ಕೇಳದೆ ಮುಂದುವರಿಯುವ ಸೂಚನೆ, ಮತ್ತು ಪ್ರತಿ ಆದೇಶ ಮುಗಿದಾಗ ಅದು ಹಿಂದಿರುಗಿಸುವ ಸಂಖ್ಯೆಯನ್ನು ಲಾಗ್ ಕಡತದಲ್ಲಿ ಬರೆಯುವ ಏರ್ಪಾಡು ಮಾಡಿದೆ. ಅನ್‌ರಾರ್ 0 ಕೊಟ್ಟರೆ ಎಲ್ಲ ಸರಿ, 3 ಕೊಟ್ಟರೆ ಒಳಗಿನ ದತ್ತಾಂಶ ಕೆಟ್ಟಿದೆ ಎಂದರ್ಥ. ಸೆವೆನ್-ಜಿಪ್‌ನಲ್ಲಿ 0 ಸರಿ, 1 ಎಚ್ಚರಿಕೆ, 2 ಸೋಲು.

ಜೂನ್ 12. ಬಿಚ್ಚುವ ಮೊದಲು ಪರೀಕ್ಷೆ

ಅನ್‌ರಾರ್‌ನಲ್ಲಿ ಗಂಟನ್ನು ಬಿಚ್ಚದೆಯೇ ಪರೀಕ್ಷಿಸುವ ‘ಟಿ’ ಎಂಬ ಆದೇಶವಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. 277ರಲ್ಲಿ 268 ಪಾಸಾದವು. ಉಳಿದ 9ರಲ್ಲಿ ಒಂದಕ್ಕೆ ಪಾಸ್‌ವರ್ಡ್ ಇತ್ತು, ಮೂರರಲ್ಲಿ ತುಂಡುಗಳು ಕಾಣೆಯಾಗಿದ್ದವು, ಐದರಲ್ಲಿ ದತ್ತಾಂಶ ಕೆಟ್ಟಿತ್ತು. ಈ ಒಂಬತ್ತನ್ನು ಬದಿಗಿಟ್ಟೆ.

ಅದೇ ಸಂಜೆ ಯಾವ ರೂಪಕ್ಕೆ ಬದಲಿಸಬೇಕೆಂಬ ಸಣ್ಣ ಪ್ರಯೋಗ ನಡೆಸಿದೆ. 1.9 ಜಿಬಿಯ ಒಂದು ಸ್ಕ್ಯಾನ್ ಗಂಟನ್ನು ಸೆವೆನ್-ಜಿಪ್‌ನ ಸ್ವಂತ ರೂಪದಲ್ಲಿ, ಅತಿ ಹೆಚ್ಚಿನ ಸಂಕೋಚನದಲ್ಲಿ ಕಟ್ಟಿದಾಗ ರಾಸ್ಪ್‌ಬೆರಿ ಪೈ 1 ಗಂಟೆ 50 ನಿಮಿಷ ತೆಗೆದುಕೊಂಡಿತು. ಸಾಮಾನ್ಯ ಜಿಪ್ ಆಗಿ ಕಟ್ಟಿದ್ದಕ್ಕಿಂತ ಅದು ಶೇ 4ರಷ್ಟು ಮಾತ್ರ ಚಿಕ್ಕದಾಗಿತ್ತು. ಒಳಗಿದ್ದವು ಬಹುಪಾಲು ಜೆಪೆಗ್ ಚಿತ್ರಗಳು, ಮೊದಲೇ ಹಿಂಡಿ ಮುಗಿದವು. ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದರೆ ಎಷ್ಟು ನೀರು ಬಂದೀತು. ಜಿಪ್ ಸಾಕೆಂದು ನಿರ್ಧರಿಸಿದೆ. ಕೆಲವರು ಇದನ್ನು ಒಪ್ಪದಿರಬಹುದು, ಆದರೆ ನಮ್ಮ ಗಿರಾಕಿಗಳಿಗೆ ಬೇಕಾದದ್ದು ಚಿಕ್ಕ ಕಡತವಲ್ಲ, ತೆರೆದುಕೊಳ್ಳುವ ಕಡತ.

ಜೂನ್ 15 ಮತ್ತು 16. ಉದ್ದ ಹೆಸರುಗಳು

268 ಗಂಟುಗಳನ್ನು ಹೊಸ ಸ್ಕ್ರಿಪ್ಟ್ ಓಡಿಸಿ ಬಿಚ್ಚಿದೆ. ಪರೀಕ್ಷೆಯಲ್ಲಿ ಪಾಸಾದ ಗಂಟುಗಳಲ್ಲೇ 4 ಕಡತಗಳು ಬಿಚ್ಚಲಾರದೆ, ಹೆಸರು ಬಹಳ ಉದ್ದವಾಯಿತು ಎಂಬ ದೂರು ಬಂತು. ಹೆಸರುಗಳನ್ನು ನೋಡಿದರೆ ಅಷ್ಟೇನೂ ಉದ್ದವಿರಲಿಲ್ಲ, ಒಂದು ಸಹಕಾರ ಸಂಘದ ಪೂರ್ಣ ಹೆಸರು, ಊರು, ವರ್ಷ, ‘ತಿದ್ದಿದ ಪ್ರತಿ’ ಎಂಬ ಟಿಪ್ಪಣಿ, ಅಷ್ಟೇ.

ಕಾರಣ ಅಕ್ಷರಗಳ ಎಣಿಕೆಯಲ್ಲಿತ್ತು. ವಿಂಡೋಸ್‌ನಲ್ಲಿ ಒಂದು ಕಡತದ ಹೆಸರಿಗೆ, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ 255 ಘಟಕಗಳ ಮಿತಿ. ಲಿನಕ್ಸ್‌ನ ಸಾಮಾನ್ಯ ಡಿಸ್ಕ್ ವ್ಯವಸ್ಥೆಯಲ್ಲಿ ಮಿತಿ 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ರಲ್ಲಿ (ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಪದ್ಧತಿ) 3 ಬೈಟ್ ಬೇಕು, ಮತ್ತು ಒತ್ತಕ್ಷರ, ಹಲಂತ, ಸ್ವರಚಿಹ್ನೆಗಳೆಲ್ಲ ಬೇರೆಬೇರೆ ಸಂಕೇತಗಳು. ‘ಕ್ಷೇತ್ರ’ ಎಂಬ ಪದ ಕಣ್ಣಿಗೆ ಎರಡೇ ಅಕ್ಷರ. ಒಳಗೆ 7 ಸಂಕೇತ, 21 ಬೈಟ್. ಹೀಗೆ ಲಿನಕ್ಸ್‌ನಲ್ಲಿ ಕನ್ನಡದ ಹೆಸರು 85 ಸಂಕೇತಗಳನ್ನು ದಾಟುವಂತಿಲ್ಲ. ಈ ನಾಲ್ಕು ಕಡತಗಳಿದ್ದ ಗಂಟುಗಳನ್ನು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಬಿಚ್ಚಿ, ಹೆಸರು ಮೊಟಕುಗೊಳಿಸಿ, ಮೂಲ ಹೆಸರನ್ನು ಒಂದು ಪಠ್ಯ ಕಡತದಲ್ಲಿ ಬರೆದು ಜೊತೆಗಿಟ್ಟೆ.

ಜೂನ್ 22. ಮಧ್ಯರಾತ್ರಿಗೆ ಜಾರಿದ ದಿನಾಂಕಗಳು

ಕಟ್ಟುವ ಕೆಲಸ ಅರ್ಧ ಮುಗಿದಿತ್ತು. ಬಿಚ್ಚಿದ ಫೋಲ್ಡರುಗಳನ್ನು ಲ್ಯಾಪ್‌ಟಾಪಿನಿಂದ ನೋಡುತ್ತಿದ್ದ ಚಿಕ್ಕಪ್ಪ, “ಡಿಸೆಂಬರ್‌ನಲ್ಲಿ ರಾತ್ರಿ ಒಂದು ಗಂಟೆಗೆ ನಾನು ಯಾವತ್ತೂ ಅಂಗಡಿಯಲ್ಲಿ ಕೂತದ್ದಿಲ್ಲ” ಎಂದರು. 2006ರ ಡಿಸೆಂಬರಿನ ಒಂದು ಕಡತ ರಾತ್ರಿ 12.50 ಎಂದು ತೋರಿಸುತ್ತಿತ್ತು. ರಾರ್ ಒಳಗಿನ ಪಟ್ಟಿಯಲ್ಲಿ ಅದು ಹಿಂದಿನ ದಿನದ ಸಂಜೆ 7.20. ಐದೂವರೆ ಗಂಟೆ ಎಂದಾಕ್ಷಣ ಭಾರತೀಯ ಕಾಲಮಾನದ ವ್ಯತ್ಯಾಸ ಎಂದು ಗೊತ್ತಾಯಿತು. ಆದರೆ 2008ರ ಜೂನ್ ತಿಂಗಳ ಒಂದು ಕರೆಯೋಲೆ ಬೆಳಗ್ಗೆ 11.10ರ ಬದಲು ಮಧ್ಯಾಹ್ನ 3.40 ತೋರಿಸಿತು, ಅಂದರೆ ನಾಲ್ಕೂವರೆ ಗಂಟೆ. ಒಂದೇ ಯಂತ್ರ ಎರಡು ಬಗೆಯ ತಪ್ಪು ಹೇಗೆ ಮಾಡುತ್ತದೆಂದು ತಿಳಿಯದೆ ಇಡೀ ಮಧ್ಯಾಹ್ನ ಕಳೆದೆ.

ಹಳೆಯ ರಾರ್ ರೂಪದಲ್ಲಿ ಸಮಯವನ್ನು ಸ್ಥಳೀಯ ಗಡಿಯಾರದಂತೆಯೇ ಬರೆದಿರುತ್ತಾರೆ, ಯಾವ ದೇಶದ ಗಡಿಯಾರ ಎಂಬ ಮಾಹಿತಿ ಇರುವುದಿಲ್ಲ. ಬಿಚ್ಚುವ ಯಂತ್ರ ಅದನ್ನು ತನ್ನದೇ ಗಡಿಯಾರವೆಂದು ಭಾವಿಸುತ್ತದೆ. ರಾಸ್ಪ್‌ಬೆರಿ ಪೈ ಬರುವಾಗಲೇ ಲಂಡನ್ನಿನ ಕಾಲಮಾನದಲ್ಲಿ ಬರುತ್ತದೆ, ನಾನು ಅದನ್ನು ಬದಲಿಸಿರಲಿಲ್ಲ. ಲಂಡನ್ನಿನಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಹೀಗಾಗಿ ಡಿಸೆಂಬರಿನ ಕಡತಕ್ಕೆ ಐದೂವರೆ, ಜೂನ್ ತಿಂಗಳ ಕಡತಕ್ಕೆ ನಾಲ್ಕೂವರೆ. 2013ರಲ್ಲಿ ಬಂದ ರಾರ್ 5 ರೂಪ ಸಮಯವನ್ನು ಅಂತರರಾಷ್ಟ್ರೀಯ ಕಾಲಮಾನದಲ್ಲಿ ಇಡುವುದರಿಂದ ಆ ಬಗೆಯ ಗಂಟುಗಳಲ್ಲಿ ಈ ತೊಂದರೆ ಇರಲಿಲ್ಲ, ಅದರಿಂದಾಗಿಯೇ ನನ್ನ ಮೊದಲ ಪರಿಶೀಲನೆಗೆ ಇದು ಸಿಕ್ಕಿರಲಿಲ್ಲ. ನಾನು ಆರಿಸಿದ್ದ ಮಾದರಿಗಳೆಲ್ಲ ಹೊಸವು.

ಕಾಲಮಾನವನ್ನು ಕೋಲ್ಕತಾಕ್ಕೆ (ಯಂತ್ರದಲ್ಲಿ ಭಾರತೀಯ ಕಾಲಮಾನಕ್ಕಿರುವ ಹೆಸರು) ಬದಲಿಸಿ ಎಲ್ಲವನ್ನೂ ಮೊದಲಿನಿಂದ ಬಿಚ್ಚಿದೆ. ಒಂದು ವಾರದ ಕೆಲಸ ನೀರುಪಾಲಾಯಿತು. ಅದರ ನಡುವೆ ಮಳೆಗೆ ಎರಡು ಬಾರಿ ಕರೆಂಟ್ ಹೋಗಿ ಅರ್ಧ ಕಟ್ಟಿದ ಜಿಪ್‌ಗಳು ಉಳಿದವು. ಆ ಮೇಲೆ, ಕಟ್ಟುವಾಗ ತಾತ್ಕಾಲಿಕ ಹೆಸರು ಕೊಟ್ಟು, ಪರೀಕ್ಷೆ ಮುಗಿದ ನಂತರವೇ ನಿಜವಾದ ಹೆಸರಿಡುವಂತೆ ಸ್ಕ್ರಿಪ್ಟ್ ತಿದ್ದಿದೆ.

ಜೂನ್ 29. ಜಿಪ್‌ನಿಂದ ಜಿಪ್‌ಗೆ

70 ಹಳೆಯ ಜಿಪ್‌ಗಳನ್ನು ಮುಟ್ಟಬೇಕಾಗಿಲ್ಲ ಎಂದುಕೊಂಡಿದ್ದೆ. ಆದರೆ ಹೆಚ್ಚು ಹೊತ್ತು ತಿಂದವು ಇವೇ.

ರಾರ್ ಗಂಟುಗಳಲ್ಲಿ ಹೆಸರುಗಳು ಯೂನಿಕೋಡ್‌ನಲ್ಲಿ ಭದ್ರವಾಗಿದ್ದವು. ಜಿಪ್‌ನಲ್ಲಿ, ಹೆಸರು ಯುಟಿಎಫ್-8ರಲ್ಲಿದೆ ಎಂದು ಸೂಚಿಸುವ ಗುರುತು ಅಧಿಕೃತ ವಿವರಣೆಗೆ ಸೇರಿದ್ದೇ 2006ರಲ್ಲಿ. ಅದಕ್ಕೂ ಹಿಂದಿನ ತಂತ್ರಾಂಶಗಳು ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ 256 ಅಕ್ಷರಗಳ ಕೋಷ್ಟಕವನ್ನೇ ಬಳಸುತ್ತಿದ್ದವು, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಮೂರು ಜಿಪ್‌ಗಳಲ್ಲಿ ಕನ್ನಡದ ಹೆಸರಿನ ಪ್ರತಿ ಸಂಕೇತವೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆಯಾಗಿ ಕುಳಿತಿತ್ತು. ಇದನ್ನು ಯಾವ ತಂತ್ರಾಂಶವೂ ಹಿಂದಕ್ಕೆ ತರಲಾರದು, ಮೂಲ ಹೆಸರು ಅಲ್ಲಿ ಇಲ್ಲವೇ ಇಲ್ಲ. ಒಳಗಿನ ಕಡತಗಳು ಮಾತ್ರ ಸರಿಯಾಗಿದ್ದುದರಿಂದ ಚಿಕ್ಕಪ್ಪನೂ ನಾನೂ ಕುಳಿತು 87 ಕಡತಗಳನ್ನು ಒಂದೊಂದಾಗಿ ತೆರೆದು ಹೊಸ ಹೆಸರಿಟ್ಟೆವು.

ಇನ್ನೂ ವಿಚಿತ್ರವಾದದ್ದು ನುಡಿ ಎಂಬ ಕನ್ನಡ ತಂತ್ರಾಂಶದ ಲಿಪಿಯ ಹಳೆಯ ಸಂಕೇತದಲ್ಲಿ ಬೆರಳಚ್ಚು ಮಾಡಿದ ಹೆಸರುಗಳು. ಆ ಪದ್ಧತಿಯಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಇಂಗ್ಲಿಷಿನ ಬರಿಯ ದೊಡ್ಡ ‘ಎ’ ಅಂದರೆ ಅನುಸ್ವಾರ; ತಲೆಯ ಮೇಲೆ ಎಡಕ್ಕೆ ಬಾಗಿದ ಗೆರೆಯಿರುವ ‘ಎ’ ಅಂದರೆ ತಲಕಟ್ಟು. ಡಾಸ್ ಕೋಷ್ಟಕದಲ್ಲಿ ಗೆರೆಯಿರುವ ಆ ದೊಡ್ಡ ‘ಎ’ ಇಲ್ಲದ ಕಾರಣ, ಹತ್ತಿರದ್ದು ಎಂದು ಆಗಿನ ತಂತ್ರಾಂಶ ಬರಿಯ ‘ಎ’ ಹಾಕಿಬಿಟ್ಟಿತ್ತು. ಫಲವಾಗಿ ತಲಕಟ್ಟುಗಳೆಲ್ಲ ಸೊನ್ನೆಗಳಾಗಿದ್ದವು. ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಕ್ಕೆ ಹಾಕಿದರೆ ಓದಲಾಗದ ಗೊಂದಲ ಬಂತು. ವ್ಯಂಜನದ ನಂತರ ನೇರವಾಗಿ ಸೊನ್ನೆ ಬಂದಿದ್ದರೆ ಅದು ತಲಕಟ್ಟೇ ಇರಬೇಕು ಎಂಬ ಊಹೆಯ ಮೇಲೆ ಬದಲಿಸಿದಾಗ ಬಹುಪಾಲು ಹೆಸರುಗಳು ಮರಳಿದವು, ಉಳಿದವನ್ನು ಕೈಯಿಂದ ತಿದ್ದಿದೆ. ಈ ಎಲ್ಲವನ್ನೂ ಮತ್ತೆ ಕಟ್ಟುವಾಗ ಹೆಸರುಗಳನ್ನು ಕಡ್ಡಾಯವಾಗಿ ಯುಟಿಎಫ್-8ರಲ್ಲಿ ಬರೆಯುವ ಸೂಚನೆಯನ್ನು ಸೆವೆನ್-ಜಿಪ್‌ಗೆ ಕೊಟ್ಟೆ.

ಜುಲೈ 6. ತಾಳೆ ನೋಡಿದ್ದು

ಕಟ್ಟಿದ ಪ್ರತಿ ಜಿಪ್ಪನ್ನೂ ಬೇರೊಂದು ಫೋಲ್ಡರಿನಲ್ಲಿ ಬಿಚ್ಚಿ, ಮೂಲದಿಂದ ಬಂದ ಕಡತಗಳ ಎಸ್‌ಎಚ್‌ಎ-256 (ಕಡತದ ಒಳಗಿನ ದತ್ತಾಂಶದಿಂದ ಲೆಕ್ಕಹಾಕುವ ಗುರುತಿನ ಮೊತ್ತ) ಪಟ್ಟಿಯ ಜೊತೆ ತಾಳೆ ಮಾಡಿದೆ. ಬರಿಯ ಕಡತಗಳ ಎಣಿಕೆ ಮತ್ತು ಗಾತ್ರ ನೋಡಿದರೆ ಸಾಕೆಂದು ಮೊದಲು ಅಂದುಕೊಂಡಿದ್ದೆ. ಜೂನ್ 9ರ ರಾತ್ರಿಯ ನಂತರ ಆ ಧೈರ್ಯ ಉಳಿಯಲಿಲ್ಲ.

ಒಂದು ಗಂಟಿನಲ್ಲಿ 38 ಸಾಲುಗಳು ಹೊಂದಲಿಲ್ಲ. ಎರಡೂ ಪಟ್ಟಿಗಳಲ್ಲಿ ಹೆಸರುಗಳು ಕಣ್ಣಿಗೆ ಒಂದೇ, ಮೊತ್ತಗಳೂ ಒಂದೇ. ಇದು ಅಮೆರಿಕದಲ್ಲಿರುವ ದೊಡ್ಡಪ್ಪನ ಮಗಳು ಹಳೆಯ ಮ್ಯಾಕ್ ಕಂಪ್ಯೂಟರಿನಿಂದ ಕಳಿಸಿದ್ದ ಜಿಪ್. ಆ ವ್ಯವಸ್ಥೆ ಹೆಸರಿನ ಸ್ವರಚಿಹ್ನೆಗಳನ್ನು ಒಡೆದು ಇಡುತ್ತದೆ: ‘ಕೋ’ ಎಂಬಲ್ಲಿನ ಓತ್ವದ ದೀರ್ಘ ಒಂದು ಸಂಕೇತವಾಗಿ ಇರದೆ ಎತ್ವ, ಊತ್ವ, ದೀರ್ಘದ ಚಿಹ್ನೆ ಎಂಬ ಮೂರು ಸಂಕೇತಗಳಾಗುತ್ತದೆ. ಪರದೆಯ ಮೇಲೆ ಅದೇ ‘ಕೋ’, ಆದರೆ 6 ಬೈಟ್ ಇರಬೇಕಾದ್ದು 12 ಆಗಿರುತ್ತದೆ. ಹೆಸರಿನ ಚಿತ್ತು ತಿದ್ದುವಾಗ ಅವುಗಳನ್ನು ನಾನೇ ಜೋಡಿಸಿದ ರೂಪಕ್ಕೆ ತಂದು ಮರೆತಿದ್ದೆ, ಹಳೆಯ ಪಟ್ಟಿಯಲ್ಲಿ ಒಡೆದ ರೂಪವೇ ಉಳಿದಿತ್ತು. ಪಟ್ಟಿಯ ಹೆಸರುಗಳನ್ನೂ ಜೋಡಿಸಿದ ರೂಪಕ್ಕೆ ತಂದು ಹೋಲಿಸಿದ ಮೇಲೆ ಎಲ್ಲವೂ ಹೊಂದಿದವು.

ಬದಲಿಸಿದ ಮೇಲೆ ಕಳೆದುಕೊಂಡದ್ದೂ ಒಂದಿದೆ. ರಾರ್‌ನಲ್ಲಿ ಗಂಟು ಸ್ವಲ್ಪ ಕೆಟ್ಟರೂ ದುರಸ್ತಿ ಮಾಡಬಲ್ಲ ರಿಕವರಿ ರೆಕಾರ್ಡ್ ಎಂಬ ಹೆಚ್ಚುವರಿ ದತ್ತಾಂಶ ಇಡಬಹುದು, ಜಿಪ್‌ನಲ್ಲಿ ಅಂತಹದ್ದಿಲ್ಲ. ಅದರ ಬದಲು ಪಾರ್-2 ಎಂಬ ಸಾಧನ ಬಳಸಿ ಪ್ರತಿ ಜಿಪ್‌ಗೂ ಶೇ 5ರಷ್ಟು ದುರಸ್ತಿ ಕಡತಗಳನ್ನು ಮಾಡಿ ಪಕ್ಕದಲ್ಲಿಟ್ಟೆ.

ಜುಲೈ 13. ಬದಿಗಿಟ್ಟ ಒಂಬತ್ತು

ಪಾಸ್‌ವರ್ಡ್ ಹಾಕಿದ್ದ ಗಂಟಿನಲ್ಲಿ ಕಡತಗಳ ಹೆಸರೂ ಕಾಣದಂತೆ ಬೀಗ ಬಿದ್ದಿತ್ತು. ಚಿಕ್ಕಪ್ಪನಿಗೆ ನೆನಪಿರಲಿಲ್ಲ, ಚಿಕ್ಕಮ್ಮನಿಗಿತ್ತು: ಅಂಗಡಿಯ ಫೋನ್ ನಂಬರ್. ಹಾಕಿದರೆ ತೆರೆಯಲಿಲ್ಲ. ಸ್ಥಿರ ದೂರವಾಣಿಗಳಿಗೆ ಮುಂದೆ 2 ಸೇರಿಸುವ ಮೊದಲಿನ ಹಳೆಯ ನಂಬರ್ ಹಾಕಿದಾಗ ತೆರೆಯಿತು.

ಕಾಣೆಯಾದ ತುಂಡುಗಳಲ್ಲಿ ಎರಡು ಸರಣಿಗಳವು ಬೇರೊಂದು ಸಿಡಿಯಲ್ಲಿ ತಪ್ಪು ಹೆಸರಿನ ಫೋಲ್ಡರಿನೊಳಗೆ ಸಿಕ್ಕವು. ಕೆಟ್ಟಿದ್ದ ಐದರಲ್ಲಿ ಎರಡು, ಸಿಡಿಯನ್ನು ಮೆತ್ತನೆಯ ಬಟ್ಟೆಯಿಂದ ಒಳಗಿನಿಂದ ಹೊರಕ್ಕೆ ಒರೆಸಿ, ಸ್ನೇಹಿತನ ಹಳೆಯ ಡೆಸ್ಕ್‌ಟಾಪಿನ ಡ್ರೈವಿನಲ್ಲಿ ಓದಿಸಿದಾಗ ಸರಿಯಾಗಿ ಬಂದವು. ಹೊಸ ಡ್ರೈವ್ ಓದದ್ದನ್ನು ಹಳೆಯದು ಓದಿತು, ಅಂದರೆ 1,350 ರೂಪಾಯಿ ಖರ್ಚಿಗೆ ಮೊದಲು ಅವನನ್ನೇ ಕೇಳಬಹುದಿತ್ತು. ಮೂರನೆಯದರಲ್ಲಿ ರಿಕವರಿ ರೆಕಾರ್ಡ್ ಇತ್ತು. ಅನ್‌ರಾರ್‌ಗೆ ದುರಸ್ತಿ ಬಾರದು. 40 ದಿನಗಳ ಪರೀಕ್ಷಾ ಅವಧಿಯ ವಿನ್‌ರಾರ್ ಲ್ಯಾಪ್‌ಟಾಪಿಗೆ ಹಾಕಿ ದುರಸ್ತಿ ಗುಂಡಿ ಒತ್ತಿದಾಗ ಹೆಸರಿನ ಆರಂಭದಲ್ಲಿ ‘ಫಿಕ್ಸ್ಡ್’ ಎಂದು ಸೇರಿಸಿಕೊಂಡ ಹೊಸ ಗಂಟು ಬಂತು, ಅದು ಪರೀಕ್ಷೆಯಲ್ಲಿ ಪಾಸಾಯಿತು.

ಉಳಿದ ಎರಡು ‘ಸಾಲಿಡ್’ ಎಂಬ ಬಗೆಯವು. ಎಲ್ಲ ಕಡತಗಳನ್ನೂ ಒಂದೇ ಎಳೆಯಾಗಿ ಹಿಂಡಿರುವುದರಿಂದ ಎಳೆ ಕಡಿದ ಜಾಗದ ತನಕ ಮಾತ್ರ ಬಿಚ್ಚುತ್ತದೆ. ಕೆಟ್ಟ ಕಡತವನ್ನೂ ಅಳಿಸದೆ ಉಳಿಸಿಕೊಳ್ಳುವ ಸೂಚನೆ ಕೊಟ್ಟು ಬಿಚ್ಚಿದಾಗ ಒಂದರಲ್ಲಿ 140ರಲ್ಲಿ 96, ಇನ್ನೊಂದರಲ್ಲಿ 52ರಲ್ಲಿ 11 ಕಡತಗಳು ಸಿಕ್ಕವು.

ಈಗಿನ ಸ್ಥಿತಿ: 347ರಲ್ಲಿ 344 ಗಂಟುಗಳು ಪೂರ್ತಿಯಾಗಿ ಬದಲಾಗಿವೆ. ಪಾರ್-2 ಬಿಟ್ಟು ಒಟ್ಟು ಗಾತ್ರ 49.8 ಜಿಬಿ, ಮೊದಲಿಗಿಂತ 3.5 ಜಿಬಿ ಹೆಚ್ಚು. ಖರ್ಚು 5,950 ರೂಪಾಯಿ. ರಾರ್ ಮೂಲಗಳನ್ನು ಇನ್ನೂ ಅಳಿಸಿಲ್ಲ. ಮೂರನೆಯ ಸರಣಿಯಲ್ಲಿ ಕಾಣೆಯಾದದ್ದನ್ನು ಹುಡುಕಲು ಚಿಕ್ಕಪ್ಪ ಅಟ್ಟದ ಮೇಲಿನ ಇನ್ನೊಂದು ಪೆಟ್ಟಿಗೆ ಇಳಿಸಿಕೊಡುತ್ತೇನೆಂದಿದ್ದಾರೆ, ಮಳೆ ಬಿಡಬೇಕು.